ಟ್ಯಾಂಕಿನ ನೆರಳಲ್ಲಿ ಧೂಮಕೇತು

ಹಗಲಲ್ಲೇ ಕಾಣುವ ಧೂಮಕೇತು ಬರುತ್ತದೆ ಎಂದು ಬೀದಿಗೆಲ್ಲ ಡಂಗುರ ಸಾರಿದವರು ನಮ್ಮ ಬಾವ. ಬೀದಿಯವರೆಲ್ಲ ನೋಡಿದರು. ನೋಡದೇ ಉಳಿದವರು ಬಾವ ಒಬ್ಬರೇ. ದೇವರಿಗೂ ಆಗಾಗ ತಮಾಷೆ ಮಾಡಬೇಕು ಅನ್ನಿಸುತ್ತದೆ ಎಂದು ನನಗೆ ನಂಬಿಕೆ ಬಂದದ್ದು ಆ ವಾರವೇ.

ಬಾವ ಎಂದರೆ ನನ್ನ ಗಂಡನ ಅಣ್ಣ. ಮೂವತ್ತೊಂದು ವರ್ಷ ವಿಜ್ಞಾನದ ಮೇಷ್ಟ್ರಾಗಿದ್ದವರು. ಎಂಟನೇ ಕ್ಲಾಸಿನಲ್ಲಿ ನನಗೂ ಪಾಠ ಮಾಡಿದ್ದರು. ಧೂಮಕೇತುವಿನ ಬಾಲ ಯಾವ ಕಡೆಗಿರುತ್ತದೆ ಎಂದು ಒಮ್ಮೆ ಕೇಳಿದಾಗ, "ಅದು ಬಂದ ಕಡೆಗೆ ಸರ್" ಎಂದಿದ್ದೆ. "ನೀನು ಬಟ್ಟೆ ಒಗೆಯೋಕೇ ಲಾಯಕ್ಕು" ಎಂದರು. ಮೇಷ್ಟ್ರ ಮಾತು ಸುಳ್ಳಾಗಬಾರದಲ್ಲ! ಮುಂದೆ ಅವರ ತಮ್ಮನನ್ನೇ ಮದುವೆಯಾದೆ. ನಮ್ಮವರದು ಲಾಂಡ್ರಿ. ಆಸ್ಪತ್ರೆ, ಹೋಟೆಲುಗಳ ಬೆಡ್‌ಶೀಟುಗಳನ್ನು ದಿನಕ್ಕೆ ಇನ್ನೂರರಂತೆ ಒಗೆದು ತಾರಸಿಯ ಮೇಲೆ ಒಣಗಿಸುತ್ತೇವೆ.

ಪಕ್ಕದ ತಾರಸಿ ಬಾವನದು. ನಡುವೆ ಎದೆಮಟ್ಟದ ಗೋಡೆ, ಅದರಲ್ಲೊಂದು ಪುಟ್ಟ ಕಬ್ಬಿಣದ ಬಾಗಿಲು. ಆರು ವರ್ಷದ ಹಿಂದೆ ನಮ್ಮ ಹಸಿ ಬೆಡ್‌ಶೀಟೊಂದು ಗಾಳಿಗೆ ಹಾರಿ, ಅವರು ಬಿಸಿಲಿಗೆ ಹರಡಿದ್ದ ಪುಸ್ತಕಗಳ ಮೇಲೆ ಬಿತ್ತು. ಕ್ಷಮೆ ಕೇಳಿದೆವು. ಇನ್ನೊಂದು ಬಿತ್ತು. ಮತ್ತೆ ಕೇಳಿದೆವು. ಮೂರನೆಯದು ಬಿದ್ದ ದಿನ ಬಾವ ಆ ಬಾಗಿಲಿಗೆ ಬೀಗ ಜಡಿದರು. ಎರಡು ತಿಂಗಳು ಕಳೆದ ಮೇಲೆ ಗೋಡೆಯ ಅಂಚಿನಲ್ಲೇ ನಾಲ್ಕು ಕಂಬ ಎಬ್ಬಿಸಿ, ಬೀದಿಗೆಲ್ಲ ನೀರು ಕೊಡುವಷ್ಟು ದೊಡ್ಡ ಕರಿ ಟ್ಯಾಂಕು ಕೂರಿಸಿದರು. ಮನೆಯಲ್ಲಿರುವವರು ಗಂಡ ಹೆಂಡತಿ ಇಬ್ಬರೇ. ಅಂದಿನಿಂದ ಮಧ್ಯಾಹ್ನ ಎರಡರಿಂದ ನಾಲ್ಕೂವರೆಯವರೆಗೆ, ಬಿಸಿಲು ಚುರುಕಾಗಿರುವ ಹೊತ್ತಿಗೇ, ನಮ್ಮ ಹಗ್ಗಗಳ ಮೇಲೆ ಅದರ ನೆರಳು. ಎರಡು ಮನೆಗಳ ನಡುವೆ ಮಾತೂ ಬಂದ್.

"ನೀರು ಜೋರಾಗಿ ಇಳೀಲಿ ಅಂತ ಇಡಿಸಿದ್ದು" ಎಂದು ಬಾವ ಎಲ್ಲರಿಗೂ ಹೇಳಿದರಂತೆ. ಇಳಿಯಿತು, ನಮ್ಮ ಕಣ್ಣಲ್ಲಿ.

ಈಗ ಧೂಮಕೇತು ಬಂತು, ಅದೂ ಸೂರ್ಯನ ಮಗ್ಗುಲಲ್ಲೇ. ಬಾವ ಹಾಲಿನಂಗಡಿಯ ಮುಂದೆ ನಿಂತು ಪಾಠ ಮಾಡಿದರು: "ಸೂರ್ಯನ್ನ ನೋಡಿದ್ರೆ ಕಣ್ಣು ಹೋಗುತ್ತೆ. ದೊಡ್ಡದೇನಾದ್ರೂ ಅಡ್ಡ ಇರ್ಬೇಕು. ಅದರ ನೆರಳಲ್ಲಿ ನಿಂತು, ಒಂದು ಗೇಣು ಎಡಕ್ಕೆ ನೋಡಿ." ನಮ್ಮದು ಇಕ್ಕಟ್ಟಿನ ಬೀದಿ, ಕೆಳಗಿನಿಂದ ಒಂದು ಪಟ್ಟಿಯಷ್ಟೇ ಆಕಾಶ ಕಾಣುತ್ತದೆ. ದೊಡ್ಡ ಅಡ್ಡ, ಒಳ್ಳೆಯ ನೆರಳು, ಸುತ್ತ ತೆರೆದ ಆಕಾಶ, ಈ ಮೂರೂ ಒಟ್ಟಿಗೆ ಇದ್ದದ್ದು ನಮ್ಮ ತಾರಸಿಯಲ್ಲಿ ಮಾತ್ರ.

ಮೂರು ದಿನ ಬೀದಿಗೆ ಬೀದಿಯೇ ನಮ್ಮ ಮೆಟ್ಟಿಲು ಹತ್ತಿತು. ಸೈಕಲ್ ಶಾಪಿನವನು ಎರಡು ಧೂಮಕೇತು ನೋಡಿದ. ಅದರಲ್ಲಿ ಒಂದು ಹದ್ದು. ಹಾಲಿನಂಗಡಿಯಾಕೆ ನೋಡಿ, "ಇಷ್ಟೇನಾ?" ಎಂದಳು. ಕೋಟಿಗಟ್ಟಲೆ ಮೈಲಿಯಿಂದ ಪಾಪ ಅದು ಇವಳಿಗೆ ಮುಖ ತೋರಿಸಲು ಬಂದಿತ್ತು.

ಗೋಡೆಯಾಚೆ ಬಾವ ಉರಿಬಿಸಿಲಲ್ಲಿ ನಿಂತಿದ್ದರು. ಅವರ ಟ್ಯಾಂಕಿನ ನೆರಳು ಅವರಿಗೇ ಇಲ್ಲ. ಛತ್ರಿ ಅಡ್ಡ ಹಿಡಿದರು. ಎರಡು ವರ್ಷದಿಂದ ಅವರಿಗೆ ಕೈ ನಡುಗುವ ಕಾಯಿಲೆ. ಛತ್ರಿ ಅಲ್ಲಾಡಿ ಸೂರ್ಯ ಇಣುಕಿದ, ಕಣ್ಣು ಮುಚ್ಚಿಕೊಂಡರು. ಅಂಗೈ ಅಡ್ಡ ಹಿಡಿದರು, ಅದೂ ಅದೇ ಕಥೆ. ನಾನು ಬೆಡ್‌ಶೀಟಿನ ಮರೆಯಿಂದ ನೋಡಿ ಸಂತೋಷಪಟ್ಟೆ. ಸುಳ್ಳೇಕೆ ಹೇಳಲಿ, ಹೊಟ್ಟೆ ತುಂಬ ಸಂತೋಷಪಟ್ಟೆ.

ನಾಲ್ಕನೆಯ ದಿನ ಮಧ್ಯಾಹ್ನ ಓರಗಿತ್ತಿ ಬಂದು ಬಾಗಿಲು ತಟ್ಟಿದಳು. ಆರು ವರ್ಷದಲ್ಲಿ ಮೊದಲ ಸಲ.

"ಅವರು ಕೇಳಲ್ಲ ಕಣೆ. ನಾನು ಕೇಳ್ತಿದೀನಿ" ಎಂದಳು. "ನಾಳೆಯಿಂದ ಕಾಣಲ್ವಂತೆ. ಅಷ್ಟು ವರ್ಷ ಪಾಠ ಮಾಡಿದ್ರು, ಜೀವಮಾನದಲ್ಲಿ ಒಂದನ್ನೂ ಕಂಡಿಲ್ಲ."

"ಒಂದನ್ನೂ?"

"ಒಂದ್ಸಲ ಮೋಡ. ಇನ್ನೊಂದ್ಸಲ ಪರೀಕ್ಷೆ ಡ್ಯೂಟಿ."

"ಬೀಗ ಹಾಕಿದ್ದು ನಾವಲ್ಲ ಅಕ್ಕ."

"ಕೀಲಿ ಎಲ್ಲಿದೆ ಅಂತ ಅವರಿಗೂ ಗೊತ್ತಿಲ್ಲ" ಎಂದು ತಲೆ ತಗ್ಗಿಸಿದಳು.

ನಮ್ಮವರು ಕಲ್ಲು ಹುಡುಕಿ ತಂದು ಬೀಗ ಒಡೆದರು. ನಾಲ್ಕೇ ಏಟು. ಇಷ್ಟು ಸುಲಭವಿತ್ತು ಎಂದು ಮೊದಲೇ ಗೊತ್ತಿದ್ದರೆ!

ಬಾವ ಕಾಲೆಳೆಯುತ್ತ ಬಂದರು. ಪ್ಲಾಸ್ಟಿಕ್ ಕುರ್ಚಿಯನ್ನು ನೆರಳಿನ ನಟ್ಟನಡುವೆ ಹಾಕಿ ಕೂರಿಸಿದೆ. ಎಷ್ಟೋ ಹೊತ್ತು ಹುಡುಕಿದರು. "ಕಾಣ್ತಿಲ್ಲ" ಎಂದರು. ದನಿ ಒಡೆದಿತ್ತು.

"ಬಾಲ ಯಾವ ಕಡೆಗಿರುತ್ತೆ ಸರ್?" ಎಂದೆ.

ತಿರುಗಿ ನೋಡಿದರು. ನೆನಪಿತ್ತು, ಮರೆತಿರಲಿಲ್ಲ. "ಸೂರ್ಯನಿಂದ ಆಚೆಗೆ" ಎಂದರು, ಹೋಂವರ್ಕ್ ಮಾಡದೆ ಬಂದ ಹುಡುಗನ ಹಾಗೆ.

"ಮತ್ತೆ ಟ್ಯಾಂಕಿಗೇ ಯಾಕೆ ಕಣ್ಣು ನೆಟ್ಟಿದೀರಿ? ಆಚೆಗೆ ಬನ್ನಿ."

ಬಾವನ ಮುಖ ಮುಟ್ಟುವುದು ಎಲ್ಲಿಯ ಮಾತು, ಆದರೂ ನಡುಗುತ್ತಿದ್ದ ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದು ಒಂಚೂರು ತಿರುಗಿಸಿದೆ. ನೀಲಿ ಬಟ್ಟೆಗೆ ಬ್ಲೀಚ್ ಸಿಡಿದ ಕಲೆಯಂತೆ, ಅಲ್ಲಿತ್ತು ಅದು.

"ಹಾ" ಎಂದರು ಬಾವ. ತೆರೆದ ಬಾಯಿ ತೆರೆದೇ ಉಳಿಯಿತು. ಎರಡು ಕೆನ್ನೆಯ ಮೇಲೂ ನೀರು ಹರಿಯಿತು, ಒರೆಸಿಕೊಳ್ಳಲಿಲ್ಲ. ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನೆರಳು ನಿಂತಲ್ಲಿ ನಿಲ್ಲುವುದಿಲ್ಲ. ಬಿಸಿಲು ಕಣ್ಣಿಗೆ ಹೊಡೆಯದಂತೆ ಕುರ್ಚಿಯನ್ನು ಎರಡು ಸಲ ಎಳೆದೆ. ಎಳೆಯುತ್ತ ನಾಲಿಗೆ ಸುಮ್ಮನಿರಲಿಲ್ಲ.

"ನಾಲ್ಕೂವರೆವರೆಗೂ ಇರುತ್ತೆ ನೆರಳು, ಆರಾಮಾಗಿ ನೋಡಿ. ನೀರಿಗೆ ಅಂತ ಇಡಿಸಿದ ಟ್ಯಾಂಕು, ಎಷ್ಟು ಉಪಕಾರ ಆಯ್ತು ನೋಡಿ."

"ನೀರಿಗಲ್ಲ" ಎಂದರು ಬಾವ. ಕಣ್ಣು ಇನ್ನೂ ಆಕಾಶದಲ್ಲೇ ಇತ್ತು. "ಎರಡು ತಿಂಗಳು ಕೋಲು ನೆಟ್ಟು ನೆರಳು ಅಳೆದೆ. ನಿಮ್ಮ ಹಗ್ಗದ ಮೇಲೇ ಬೀಳ್ಬೇಕು ಅಂತ ಲೆಕ್ಕ ಹಾಕಿ ಇಡಿಸಿದೆ."

ಇದು ನನಗೆ ಗೊತ್ತಿರಲಿಲ್ಲವೇ? ಮೊದಲ ದಿನದಿಂದ ಗೊತ್ತಿತ್ತು. ಅವರ ಬಾಯಿಂದಲೇ ಕೇಳಬೇಕು, ಕೇಳಿದ ಮೇಲೆ ಹೀಗೆ ಹೀಗೆ ಅನ್ನಬೇಕು ಎಂದು ಆರು ವರ್ಷ ಕೂಡಿಟ್ಟ ಮಾತುಗಳಿದ್ದವು. ಒಂದೂ ಕೈಗೆ ಸಿಗಲಿಲ್ಲ.

"ಲೆಕ್ಕ ಸರಿಯಾಗಿತ್ತು ಸರ್" ಎಂದೆ. "ಹತ್ತಕ್ಕೆ ಹತ್ತು."

ಅಷ್ಟರಲ್ಲಿ ಬಿಸಿಲು ಅವರ ಕಿವಿಯವರೆಗೆ ಬಂದಿತ್ತು. "ಕಾಲೆತ್ತಿ ಬಾವ" ಎಂದು ಕುರ್ಚಿಯನ್ನು ಇನ್ನೊಂದು ಗೇಣು ನೆರಳಿಗೆ ಎಳೆದೆ.