ಗೋವಾದಿಂದ ಬಂದ ಹುಲಿ

ಮೊಹರಂ ಬಂತೆಂದರೆ ಗೋವಾಕ್ಕೆ ಗಾರೆ ಕೆಲಸಕ್ಕೆ ಹೋದವರೆಲ್ಲ ಬಸ್ಸಿನಲ್ಲಿ ನಿಂತುಕೊಂಡಾದರೂ ಇರಕಲ್ಲಗಡಕ್ಕೆ ಬರುತ್ತಾರೆ. ದೀಪಾವಳಿಗೆ ಬಾರದವರೂ ಬರುತ್ತಾರೆ. ಮುದಕಮ್ಮನ ಮಗ ಗಾಳೇಶನಂತೂ ಹರಕೆಯ ಹುಲಿ. ಪ್ರತಿವರ್ಷ ಮೈಗೆ ಬಣ್ಣ ಬಳಿದುಕೊಂಡು ಅಲಾಯಿ ದೇವರ ಮುಂದೆ ಕುಣಿಯುವವನು. ಈ ಸಲ ಅವನ ಫೋನೇ ಬಂದ್.

"ಕೆಲಸ ಬಿಟ್ಟು ಓಡಿ ಹೋಗ್ಯಾನ ಬೇ ಯವ್ವಾ. ನಿನ್ನ ಹುಲಿ ಯಾವ್ದೋ ಬೆಕ್ಕಿನ ಹಿಂದ ಬಿದ್ದಿರಬೇಕು," ಎಂದು ಅವನನ್ನು ಕರೆದೊಯ್ದಿದ್ದ ಮೇಸ್ತ್ರಿ ದುರುಗಪ್ಪ ನಕ್ಕಿದ್ದ.

ಹಬ್ಬದ ಕೊನೆಯ ದಿನ, ಸುಡುವ ಮಧ್ಯಾಹ್ನ, ಹಲಗೆಯ ಸದ್ದಿನ ಜೊತೆ ಒಂದು ಹುಲಿ ಮುದಕಮ್ಮನ ಬಾಗಿಲಿಗೆ ಬಂತು. ವೇಷ ಹಾಕಿದವರ ಹೆಸರು ಕೇಳಬಾರದು, ಕಾಲಿಗೆ ನೀರು ಹಾಕಬೇಕು. ಅದು ಊರ ಪದ್ಧತಿ. ಆದರೆ ಆ ಕುಣಿತ ಮಗನದೇ.

"ಬಂದ್ಯಾ ಯಪ್ಪಾ!" ಎನ್ನುತ್ತ ಆಕೆ ಕೊಡ ಬಗ್ಗಿಸಿದಳು. ಬಣ್ಣ ಹರಿದುಹೋಯಿತು. ಅದರ ಕೆಳಗೆ ಚರ್ಮವಿರಲಿಲ್ಲ. ಮೊಣಕಾಲಿನವರೆಗೂ ಗಟ್ಟಿಯಾದ ಕಾಂಕ್ರೀಟು. ಆ ಬಿಸಿಲಲ್ಲೂ ಅದು ತಣ್ಣಗಿತ್ತು.

ಹಲಗೆ ನಿಂತಿತು. ಹುಲಿ ತಿರುಗಿ ಹೋಗಿ, ಎದುರಿನ ಕಟ್ಟೆಯ ಮೇಲೆ ಗಾರೆ ಮಂದಿಯ ಜೊತೆ ಕೂತಿದ್ದ ದುರುಗಪ್ಪನ ಎದುರು ನಿಂತಿತು.

"ನಾ ಅಲ್ಲೋ ಗಾಳೇಶ! ಸ್ಲ್ಯಾಬ್ ಕುಸೀತು. ಪೊಲೀಸ್ರು ಬಂದ್ರ ಕೆಲಸ ನಿಲ್ತೈತಿ ಅಂತ ಮಾಲಕನೇ ನಿನ್ನ ಮ್ಯಾಲ ಕಾಂಕ್ರೀಟ್ ಸುರಿಸಿದ," ಎಂದು ಅವನು ಕಣ್ಣು ಮುಚ್ಚಿಕೊಂಡು ಚೀರಿದ.

ಕಣ್ಣು ತೆರೆದಾಗ ಎದುರಿಗೆ ಹುಲಿ ಇರಲಿಲ್ಲ, ಮುದಕಮ್ಮ ಇದ್ದಳು. ಆಕೆ ಅಳಲಿಲ್ಲ. ಅವನ ಅಂಗಿ ಹಿಡಿದು, ಹಬ್ಬಕ್ಕೆ ಬಂದ ಗಾರೆ ಮಂದಿಯತ್ತ ತಿರುಗಿದಳು.

"ಏಳ್ರಿ. ನೀವ ಕಟ್ಟಿದ್ದನ್ನ ನೀವ ಒಡದು ನನ್ನ ಮಗನ್ನ ಹೊರಗ ತಗೀರಿ. ದಾರಿ ಇವ ತೋರಸ್ತಾನ."

ಹಾರೆ ಹಿಡಿದು ಒಬ್ಬೊಬ್ಬರೇ ಎದ್ದರು.