ಎಳೆಗರಿಯ ಗಂಟು

ಚೀಲದೊಳಗೆ ಕೈ ಹಾಕಿದ ಸುಮತಿ ಬೆಂಕಿ ತಾಗಿದವಳಂತೆ ಹಿಂದೆ ಸರಿದಳು.

"ರೀ, ನೋಡಿ ಇಲ್ಲಿ! ಮಾವನ ಕೋಣೇಲಿ ಸಿಗ್ತಿತ್ತಲ್ಲ, ಅದೇ ತೆಂಗಿನ ಗರಿ ಹಕ್ಕಿ. ಇದು ಮಾಟ ಅಲ್ದೆ ಮತ್ತೇನು?"

ಚೀಲ ತಂದಿದ್ದ ಮುದುಕಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದಳು. ಮಲಾಯ್ ನಾಡಿನ ನಿಲಾಯ್‌ನ ಆ ಮನೆಯ ನಡುವೆ ಸುಮತಿಯ ಮಾವ ಐತಪ್ಪನ ಹೆಣ. ಹೊರಗೆ ಒಯ್ಯುವ ವ್ಯಾನು.

"ಯಾರು ಮಾರಾಯ ಇವ್ಳು?" ಎಂದ ಕೀರ್ತಿರಾಜ್. ಸುಮತಿಯ ಗಂಡ ಕಾರ್ತಿಕನ ಜೊತೆ ಮೆಡಿಕಲ್ ಕಾಲೇಜಿನಲ್ಲಿ ಕಲಿಸುವವನು. ಉಡುಪಿಯಿಂದ ಹೊಸದಾಗಿ ಬಂದಿದ್ದ, ಮಲಾಯ್ ಬಾರದು.

ಮುದುಕಿ ಮಲಾಯ್‌ನಲ್ಲಿ ಐತಪ್ಪನ ಹೆಸರಿಗೆ ಗೌರವದ 'ಪಾಕ್' ಸೇರಿಸಿ ಕಾರ್ತಿಕನಿಗೆ ಹೇಳಿದಳು: "ಪಾಕ್ ಐತಪ್ಪ ನಮ್ಮ ಹುಡುಗಿಯರಿಗೆ ತಮ್ಮೂರಿನ ಗರಿಕಟ್ಟು ಕಲಿಸಿದರು. ಅಲ್ಲಿ ದೈವದ ವೇಷ ಕಟ್ಟಿ ಕುಣಿಯುತ್ತಿದ್ದರಂತೆ. ನಮ್ಮ ಹಿರಿಯರಿಗೆ ಮಾಡಿದಂತೆ ಇವರಿಗೂ ಗರಿ ತೊಡಿಸಿ ಕಳಿಸಬೇಕು."

ದೈವ ಕಟ್ಟುವವರೆಂದು ಊರಿನಲ್ಲಿ ತಮಗೆ ಅಂಗಳದಾಚೆ ಊಟ ಬಡಿಸಿದ್ದನ್ನು ಕಾರ್ತಿಕ ಮರೆತಿರಲಿಲ್ಲ. ಇಲ್ಲಿ ಸುಳ್ಳು ಹೇಳಿ ಅಪ್ಪನನ್ನು ಶಾಲೆ ಮಾಸ್ತರನನ್ನಾಗಿ ಮಾಡಿದವನು ಅವನೇ. ಮೈಸೂರಿನ ಸುಮತಿಗೂ ಅಷ್ಟೇ ಗೊತ್ತು.

"ಎಂತ ಅಂತೆ?" ಕೀರ್ತಿರಾಜ್ ಕೇಳಿದ.

"ಮನೆ ತಪ್ಪಿ ಬಂದಿದ್ದಾರೆ."

"ಮನೆ ತಪ್ಪಿದವಳ ಬಾಯಲ್ಲಿ ನಿನ್ನ ಅಪ್ಪನ ಹೆಸರು ಬಂತಲ್ಲ ಮಾರಾಯ?"

*

ಹೋದ ವರ್ಷ ಮನೆಯವರೆಲ್ಲ ಕ್ಯಾರಿ ದ್ವೀಪಕ್ಕೆ ಮುಖವಾಡದ ಕುಣಿತ ನೋಡಲು ಹೋಗಿದ್ದರು. ಅಲ್ಲಿನ ಮೂಲನಿವಾಸಿಗಳಾದ ಮಾಹ್ ಮೆರಿಗಳು ಹಿರಿಯರ ಚೇತನಗಳ ಮುಖವನ್ನು ಮರದಲ್ಲಿ ಕೆತ್ತುತ್ತಾರೆ. ಕುಣಿಯುವವರ ಸೊಂಟಕ್ಕೆ ಗರಿ ಕಟ್ಟುತ್ತಾರೆ. ಉಳಿದವರು ಫೋಟೊ ತೆಗೆಯುತ್ತಿದ್ದಾಗ ಐತಪ್ಪ ಗರಿ ಹೆಣೆಯುವ ಹೆಂಗಸರ ಪಕ್ಕ ಕುಳಿತ. ಒಂದು ಗರಿ ಕೇಳಿ ಪಡೆದು ಉಗುರಿನಿಂದ ಸೀಳಿದ, ಮಡಿಸಿದ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದ. ಅಂಗೈ ಮೇಲೆ ಹಕ್ಕಿ ಕುಳಿತಿತ್ತು. ಮಾಕ್ ಕೆನಾ ಎಂಬ ಮುದುಕಿ ತಾನು ಹೆಣೆದ ಹಕ್ಕಿಯನ್ನು ಅದರ ಪಕ್ಕ ಇಟ್ಟಳು. ಇಬ್ಬರೂ ನಕ್ಕರು.

"ಅಪ್ಪ, ಸಾಕು. ಏಳಿ," ಕಾರ್ತಿಕ ಸುತ್ತ ನೋಡಿ ಪಿಸುಗುಟ್ಟಿದ.

"ಇಲ್ಲಿ ಯಾರು ಗುರ್ತ ಹಿಡೀತಾರೆ ಮಗಾ? ನಿಂಗೂ ಕಲಿಸಿದ್ದೆ. ಮರ್ತು ಹೋಯ್ತಾ?"

"ಮರ್ತು ಹೋಯ್ತು."

ಆಮೇಲೆ ಐತಪ್ಪ ಭಾನುವಾರಗಳಲ್ಲಿ ಎಲ್ಲಿಗೆ ಹೋಗುತ್ತಾನೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಅನುಮಾನ ಮಾತ್ರ ಪಟ್ಟರು.

*

"ಟೈಮ್ ಆಚ್ಚು ಸಾರ್," ವ್ಯಾನಿನ ತಮಿಳು ಡ್ರೈವರ್ ಹೊತ್ತಾಯಿತೆಂದು ಇಣುಕಿದ.

ಬಾಗಿಲಲ್ಲಿ ನಿಂತಿದ್ದ ಮಾಕ್ ಕೆನಾ ಇನ್ನು ಕಾಯಲಿಲ್ಲ. ಒಳಗೆ ಬಂದು ಕುಳಿತು, ಚೀಲದಿಂದ ಗರಿ ಹಕ್ಕಿಗಳ ಮಾಲೆ ತೆಗೆದು ಐತಪ್ಪನ ಎದೆಯ ಮೇಲಿಟ್ಟಳು.

"ಮುಟ್ಟೋಕೆ ಬಿಡ್ಬೇಡಿ ರೀ!" ಸುಮತಿ ಮಾಲೆಯನ್ನು ಹಿಡಿದೆಳೆದಳು. ಗಂಟು ಬಿಚ್ಚಿ ಹಕ್ಕಿಗಳು ಹೆಣದ ಮೇಲೆಲ್ಲ ಚೆಲ್ಲಿದವು.

ಮಾಕ್ ಕೆನಾ ಒಂದೊಂದಾಗಿ ಆರಿಸಿ ಪೋಣಿಸಿದಳು. ಕೊನೆಯ ಗಂಟಿಗೆ ಬಂದಾಗ ಅವಳ ಬೆರಳುಗಳು ನಿಂತವು. "ಇದನ್ನು ಯಾವಾಗಲೂ ಅವರೇ ಹಾಕುತ್ತಿದ್ದರು," ಎಂದು ಕಾರ್ತಿಕನ ಮುಖ ನೋಡಿದಳು.

ಕೀರ್ತಿರಾಜನೂ ಅವನನ್ನೇ ನೋಡುತ್ತಿದ್ದ.

ಕಾರ್ತಿಕ ಹೆಣದ ಪಕ್ಕಕ್ಕೆ ಬಂದ. ಮೊಣಕಾಲೂರಿ ಗರಿ ಮಡಿಸತೊಡಗಿದ.

"ಮಾಸ್ತರ ಮಗನಿಗೆ ಇದೆಲ್ಲ ಹೇಗೆ ಗೊತ್ತು ಮಾರಾಯ?" ಕೀರ್ತಿರಾಜ್ ಕೇಳಿದ.

ಗರಿಯ ತುದಿ ಕಾರ್ತಿಕನ ಹಲ್ಲುಗಳ ನಡುವೆ ಇತ್ತು. ಎರಡೂ ಕೈ ಅಪ್ಪನ ಎದೆಯ ಮೇಲೆ ಗಂಟು ಬಿಗಿಯುತ್ತಿದ್ದವು.