ಸುಂದರಿ, ನಂಬರು ಏಳು

ನಲವತ್ತೊಂದು ವರ್ಷ. ಲೆಕ್ಕ ಹಾಕಿ ಮುಗಿಸಿದ ಮೇಲೆ ರಾಜೇಂದ್ರನಿಗೆ ಆ ಹೆಂಗಸನ್ನು ಒಮ್ಮೆ ನೋಡಬೇಕೆನಿಸಿತು. ಉಳಿದ ಹತ್ತು ಮಂದಿಯ ಹೆಸರಿನ ಮುಂದೆ ಆರು, ಹನ್ನೊಂದು, ಹದಿನೆಂಟು ಎಂದೆಲ್ಲ ತುಂಬುವಾಗ ಏನೂ ಅನ್ನಿಸಿರಲಿಲ್ಲ. ಏಳನೇ ನಂಬರಿನ ಸುಂದರಿ ಕೆಲಸಕ್ಕೆ ಸೇರಿದ್ದು ಅರವತ್ತೊಂಬತ್ತರ ಜೂನಿನಲ್ಲಿ. ಆಗ ಅವನು ಎರಡನೇ ಕ್ಲಾಸಿಗೆ ಹೋಗುತ್ತಿದ್ದ.

ಆಫೀಸಿನ ಗಾಜಿನ ಆಚೆ ಅವನ ಗೇರುಬೀಜ ಒಡೆಯುವ ಶೆಡ್ಡು. ಹನ್ನೊಂದು ಹೆಂಗಸರು ಬೂದಿ ಮೆತ್ತಿದ ಕೈಯಿಂದ ಒಂದೊಂದೇ ಬೀಜವನ್ನು ಕತ್ತಿಯ ಬಾಯಿಗೆ ಕೊಟ್ಟು ಪೆಡಲು ತುಳಿಯುತ್ತಿದ್ದರು. ಮೂಲೆಯಲ್ಲಿ ಹೊಸ ಯಂತ್ರ ಪ್ಲಾಸ್ಟಿಕ್ ಹೊದ್ದು ನಿಂತಿತ್ತು. ಬರುವ ತಿಂಗಳಿನಿಂದ ಒಡೆಯುವ ಕೆಲಸ ಅದರದ್ದು. ಹನ್ನೊಂದು ಮಂದಿಗೆ ಕೆಲಸ ಬಿಡಿಸುವ ನೋಟೀಸು ಇವತ್ತೇ ಕೊಟ್ಟು, ಒಂದು ಪ್ರತಿಯನ್ನು ಕಾರ್ಮಿಕ ಇಲಾಖೆಗೆ ಇವತ್ತೇ ರಿಜಿಸ್ಟರ್ ಪೋಸ್ಟು ಮಾಡಬೇಕಿತ್ತು.

ಕಾನೂನಿನ ಪುಸ್ತಕವನ್ನು ಅವನು ಮೂರು ದಿನದಿಂದ ಓದುತ್ತಿದ್ದ. ಧಾರವಾಡದಲ್ಲಿ ತತ್ತ್ವಶಾಸ್ತ್ರ ಓದುವಾಗ ಕಾಲದ ಮೇಲೆ ದಪ್ಪ ದಪ್ಪ ಗ್ರಂಥಗಳನ್ನು ತಿರುವಿ ಹಾಕಿದ್ದುಂಟು. ಒಂದು ವರ್ಷ ಎಂದರೆ ಎಷ್ಟು ಎಂದು ಅವುಗಳಲ್ಲಿ ಒಂದೂ ಹೇಳಿರಲಿಲ್ಲ. ಈ ತೆಳು ಪುಸ್ತಕ ಹೇಳಿತು: ಕೆಲಸದಿಂದ ತೆಗೆದರೆ ಪೂರ್ತಿಯಾದ ಪ್ರತಿ ವರ್ಷಕ್ಕೆ ಹದಿನೈದು ದಿನದ ಕೂಲಿ. ವರ್ಷದಲ್ಲಿ ಇನ್ನೂರ ನಲವತ್ತು ದಿನ ದುಡಿದಿದ್ದರೆ ಸೇವೆ ಅಖಂಡ. ಎಲ್ಲೋ ದೂರದಲ್ಲಿ ಕೂತು ಯಾರೋ ಮನುಷ್ಯರ ಆಯುಷ್ಯವನ್ನು ಇಷ್ಟು ನಿಶ್ಚಿಂತೆಯಾಗಿ ತೂಗಿದ್ದಾರಲ್ಲ ಎಂದು ಅವನಿಗೆ ನಿಜವಾಗಿ ಬೆರಗಾಗಿತ್ತು. ತನ್ನ ಮದುವೆಗೆ ಈ ನಿಯಮ ಹಚ್ಚಿದರೆ ಎಷ್ಟು ವರ್ಷ ಪಾಸಾಗುತ್ತವೆ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟಿದ್ದ.

"ದುಗ್ಗಪ್ಪಣ್ಣ, ಇವ್ರೊಳ್ಗೆ ಸುಂದರಿ ಯಾರ್?"

ಲೆಕ್ಕ ಬರೆಯುವ ರೈಟರ್ ದುಗ್ಗಪ್ಪ ಅಪ್ಪನ ಕಾಲದವರು. ಕನ್ನಡಕ ತೆಗೆದು ಒರೆಸಿದರು. ಆಮೇಲೆ ಗಲ್ಲದಿಂದ ತೋರಿಸಿದರು. "ಅದೇ, ಕಿಟ್ಕಿ ಬದಿಗ್ ಕೂತದ್ದ್."

ಕಿಟಕಿಯ ಬದಿ ಕೂತವಳಿಗೆ ಹೆಚ್ಚೆಂದರೆ ಮೂವತ್ತೈದು. ಕಪ್ಪು ಜಡೆಯನ್ನು ಬೆನ್ನಿಗೆ ಎಸೆದುಕೊಂಡು ಪಕ್ಕದವಳಿಗೆ ಏನೋ ಹೇಳಿ ನಗುತ್ತಿದ್ದಳು. ರಾಜೇಂದ್ರ ಪಟ್ಟಿ ನೋಡಿದ, ಅವಳನ್ನು ನೋಡಿದ.

"ಸರ್ವೀಸ್ ನಲ್ವತ್ತೊಂದ್ ವರ್ಷ ಇತ್ತಲೆ."

"ಇತ್ತ್," ಎಂದರು ದುಗ್ಗಪ್ಪ.

"ಹ್ಯಾಂಗೆ?"

"ಅದ್ ಹಾಂಗೇ ಬಂದದ್ದ್."

ಅವರ ಬಾಯಿ ಬಿಡಿಸಲು ಕಾಲು ಗಂಟೆ ಹಿಡಿಯಿತು. ಅರವತ್ತೊಂಬತ್ತರಲ್ಲಿ ಸೇರಿದ ಸುಂದರಿ ಎಂಬತ್ತಾರರಲ್ಲಿ ತೀರಿಕೊಂಡಳು. ಅವಳ ಹಾಜರಿ ಕಾರ್ಡು ಹಿಡಿದುಕೊಂಡು ಸೊಸೆ ದೇವು ಬಂದು ಅದೇ ಮಣೆಯ ಮೇಲೆ ಕೂತಳು. ಕಾರ್ಡಿನಲ್ಲಿ ಇದ್ದದ್ದು ಸುಂದರಿ, ಹಾಗಾಗಿ ಅವಳೂ ಸುಂದರಿ. ಎರಡು ಸಾವಿರದ ಒಂದರಲ್ಲಿ ದೇವುವಿಗೆ ಉಬ್ಬಸ ಜಾಸ್ತಿಯಾಗಿ, ಅವಳ ಸೊಸೆ ಪದ್ದು ಕಾರ್ಡು ತಂದಳು. ಈಗ ನಗುತ್ತಿರುವವಳು ಪದ್ದು.

"ಅಪ್ಪಯ್ಯನಿಗ್ ಗೊತ್ತಿತ್ತಾ?"

ದುಗ್ಗಪ್ಪ ಅಟ್ಟದ ಪೆಟ್ಟಿಗೆಯಿಂದ ಎಂಬತ್ತಾರರ ಹಾಜರಿ ಪುಸ್ತಕ ತಂದು ಆಗಸ್ಟಿನ ಹಾಳೆ ತೆರೆದಿಟ್ಟರು. ಏಳನೇ ನಂಬರಿನ ಸಾಲಿನಲ್ಲಿ ಹದಿಮೂರು ದಿನ ಗೈರು. ಮೇಲೆ ಅಪ್ಪನ ಅಕ್ಷರ: ಸೂತಕ. ಹದಿನಾಲ್ಕನೆಯ ದಿನದಿಂದ ಮತ್ತೆ ಹಾಜರು.

ತನ್ನದೇ ಸಾವಿನ ಸೂತಕಕ್ಕೆ ಹದಿಮೂರು ದಿನ ರಜೆ ಹಾಕಿ ಸುಂದರಿ ಕೆಲಸಕ್ಕೆ ಮರಳಿದ್ದಳು. ರಾಜೇಂದ್ರ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಕೂತ. ಆ ವರ್ಷ ಅವಳು ಹಾಜರಿದ್ದದ್ದು ಇನ್ನೂರ ಎಪ್ಪತ್ತೆರಡು ದಿನ. ಅಖಂಡ ಸೇವೆ.

ಎಂಬತ್ತಾರು ಅಪ್ಪನ ಕಾಲ, ಸರಿ. ಎರಡು ಸಾವಿರದ ಒಂದು ತನ್ನ ಕಾಲ. ಈ ಕುರ್ಚಿಯಲ್ಲಿ, ಈ ಗಾಜಿನ ಹಿಂದೆ ತಾನೇ ಕೂತಿದ್ದ. ಇಪ್ಪತ್ತಡಿ ದೂರದಲ್ಲಿ ಒಬ್ಬ ಹೆಂಗಸು ಎದ್ದುಹೋಗಿ ಇನ್ನೊಬ್ಬಳು ಬಂದು ಕೂತಿದ್ದಳು.

"ನಂಗ್ ಯಾಕೆ ಹೇಳ್ಲಿಲ್ಲ?"

"ನೀವ್ ಕೇಣ್ಲಿಲ್ಲ," ಎಂದರು ದುಗ್ಗಪ್ಪ.

ಉಡುಪಿಯಲ್ಲಿರುವ ಕಾನೂನು ಸಲಹೆಗಾರ ಗುಣಪಾಲನಿಗೆ ಫೋನು ಮಾಡಿದ. ಆತ ಎಲ್ಲವನ್ನೂ ಕೇಳಿ, ಪ್ರಶ್ನೆ ಬೇರೆಯವರದ್ದು ಎಂಬಂತೆ ಮಾತಾಡಿದ.

"ಸುಂದರಿ ಹೆಸರಿಗೆ ಕೊಟ್ಟರೆ ನಲವತ್ತೊಂದು ವರ್ಷದ್ದು ಕೊಡಬೇಕು ಸಾರ್. ಆದರೆ ಅವರು ಸತ್ತಿದ್ದಾರೆ. ಪದ್ದು ಅಂದರೆ, ನಿಮ್ಮ ದಾಖಲೆಯಲ್ಲಿ ಅಂಥವರು ಇಲ್ಲ. ಇಲ್ಲದವರಿಗೆ ಏನೂ ಇಲ್ಲ."

"ಒಂಬತ್ತು ವರ್ಷ ದುಡಿದಿದ್ದಾಳೆ."

"ಹಾಗಂತ ನೀವು ಬರೆದುಕೊಡಬಹುದು. ಆಗ ಒಂಬತ್ತು ವರ್ಷ ಸುಳ್ಳು ಪುಸ್ತಕ ಇಟ್ಟದ್ದು ಯಾರು ಅಂತ ಕೇಳುತ್ತಾರೆ."

"ನೀವಾದರೆ ಏನು ಮಾಡುತ್ತಿದ್ದಿರಿ?"

"ನನ್ನದು ಸಲಹೆ ಮಾತ್ರ ಸಾರ್." ಆಮೇಲೆ ಸೇರಿಸಿದ: "ಬಟವಾಡೆ ಪುಸ್ತಕದಲ್ಲಿ ಹೆಬ್ಬೆಟ್ಟು ಇರುತ್ತದಲ್ಲ. ಮೂವರದ್ದು ಮೂರು ಥರ ಇರುತ್ತದೆ. ಇಲಾಖೆಯವರು ನೋಡಿದರೆ ಗೊತ್ತಾಗಿಬಿಡುತ್ತದೆ. ಮೊದಲು ಅದನ್ನು ನೋಡಿ."

ನಲವತ್ತೊಂದು, ಒಂಬತ್ತು, ಸೊನ್ನೆ. ಮೂರರಲ್ಲಿ ಒಂದನ್ನು ಸಂಜೆಯೊಳಗೆ ಅವನೇ ಬರೆಯಬೇಕು. ಅವಳ ಮನೆಯ ಮುಂದಿನ ದಿನಗಳು ತನ್ನ ಪೆನ್ನಿನ ತುದಿಯಲ್ಲಿವೆ ಎಂಬ ಯೋಚನೆ ಅವನಿಗೆ ಹೆದರಿಕೆ ತಂದಿತು. ಸೊನ್ನೆ ಬರೆದರೆ ಯಾರೂ ಕೇಳುವುದಿಲ್ಲ ಎಂಬುದು ಇನ್ನೂ ಹೆದರಿಕೆ ತಂದಿತು.

ಬಟವಾಡೆ ಪುಸ್ತಕಗಳನ್ನು ನೆಲದ ಮೇಲೆ ಹರಡಿಕೊಂಡು ಕೂತ. ವಾರಕ್ಕೊಂದು ಹೆಬ್ಬೆಟ್ಟು. ಅರವತ್ತೊಂಬತ್ತರ ಜೂನಿನಲ್ಲಿ ಗೆರೆಗಳು ಚೆನ್ನಾಗಿ ಮೂಡಿದ್ದವು. ಮಳೆಗಾಲ ಮುಗಿಯುವಷ್ಟರಲ್ಲಿ ನಡುವಿನ ಗೆರೆಗಳು ಅಳಿಸಿದ್ದವು. ದೀಪಾವಳಿ ಕಳೆದ ಮೇಲೆ ಬರೀ ನೀಲಿ ಗುರುತು. ಗೇರುಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ ಎಂದು ಅವನಿಗೆ ಗೊತ್ತಿತ್ತು, ಕೈಗೆ ಹಚ್ಚುವ ಬೂದಿಯ ಖರ್ಚಿಗೆ ಸಹಿ ಹಾಕುವವನು ಅವನೇ. ಅದು ಹೀಗೆ ಸುಡುತ್ತದೆ ಎಂದು ಗೊತ್ತಿರಲಿಲ್ಲ. ಹದಿನೇಳು ವರ್ಷ ಗುರುತು ಹಾಗೆಯೇ ನಡೆದಿತ್ತು. ಎಂಬತ್ತಾರರ ಆಗಸ್ಟಿನಲ್ಲಿ ಗೆರೆಗಳು ಇದ್ದಕ್ಕಿದ್ದಂತೆ ಹುಟ್ಟಿಕೊಂಡವು. ಹೊಸ ಗೆರೆಗಳು, ಬೇರೆ ಸುತ್ತು. ಸಂಕ್ರಾಂತಿಗೆ ಅವೂ ಇರಲಿಲ್ಲ. ಎರಡು ಸಾವಿರದ ಒಂದರ ಮಾರ್ಚಿನಲ್ಲಿ ಇನ್ನೊಮ್ಮೆ.

ಉಳಿದ ಎರಡು ಸಾವಿರ ವಾರಗಳ ತುಂಬ ಗೆರೆಯಿಲ್ಲದ ಒಂದೇ ಹೆಬ್ಬೆಟ್ಟು. ಆ ಕೆಲವು ಹಾಳೆಗಳನ್ನು ಬಿಟ್ಟರೆ, ಯಾವ ಇಲಾಖೆ ಬಂದರೂ ಇದು ಒಬ್ಬಳದ್ದಲ್ಲ ಎಂದು ತೋರಿಸುವುದು ಕಷ್ಟ. ರಾಜೇಂದ್ರ ಹಾಳೆಗಳನ್ನು ಮತ್ತೆ ಮತ್ತೆ ತಿರುವಿದ. ದೇವಸ್ಥಾನದಲ್ಲೂ ಅವನಿಗೆ ಹೀಗೆ ಕೈಮುಗಿಯಬೇಕು ಎನಿಸಿದ್ದಿಲ್ಲ. ದುಗ್ಗಪ್ಪ ನೋಡುತ್ತಿದ್ದಾರೆಂದು ಪುಸ್ತಕ ಮುಚ್ಚಿದ.

ನಾಲ್ಕು ಗಂಟೆಗೆ ಒಬ್ಬೊಬ್ಬರನ್ನೇ ಕರೆದು ನೋಟೀಸು ಕೊಟ್ಟದ್ದಾಯಿತು. ಕೊನೆಗೆ ಅವಳು ಬಂದಳು. ಕೂತುಕೊಳ್ಳಲು ಹೇಳಿದರೂ ಕೂರಲಿಲ್ಲ.

"ನಿನ್ನ ಹೆಸ್ರ್ ಪದ್ದು ಅಲ್ದಾ?"

ಅವಳು ದುಗ್ಗಪ್ಪನ ಕಡೆ ನೋಡಿದಳು. "ಮನ್ಯಗೆ ಹೌದ್."

"ನೀ ಬಂದದ್ದ್ ನಂಗ್ ಗೊತ್ತೇ ಆಯ್ಲಿಲ್ಲ."

"ಬಂದ್ ದಿನ ನಿಮ್ಮೆದ್ರಿಗೇ ನಿಂತಿದ್ದೆ ಒಡೇರೆ. ಕಾರ್ಡ್ ಕಂಡ್ ಸುಂದರಿಯಾ ಅಂತ ಕೇಂಡ್ರಿ. ಹೌದ್ ಅಂದೆ. ಹೋಯ್ ಕೂಕೋ ಅಂದ್ರಿ."

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಅದೇ ಅವನನ್ನು ಚುಚ್ಚಿತು.

"ಈಗ ಎಂತ ಬರೆಯೂದ್ ಹೇಳ್. ಪದ್ದು ಅಂದ್ರೆ ಪುಸ್ತಕದಗೆ ಇಲ್ಲ."

"ಸುಂದರಿ ಅಂತ್ಲೇ ಬರೀನಿ." ಸೆರಗಿನಲ್ಲಿ ಕೈಯ ಬೂದಿ ಒರೆಸಿಕೊಂಡಳು. "ಪೂರ್ತಿ ನಲ್ವತ್ತೊಂದ್ ಬರೀನಿ. ನಂದೊಬ್ಳದ್ ಅಲ್ಲ ಅದ್. ಅತ್ತೆದ್ ಹದ್ನೈದ್ ವರ್ಷ ಇತ್ತ್ ಅದ್ರಗೆ. ಅವ್ರ್ ಬಿಡುವತ್ತಿಗ್ ಯಾರೂ ಎಂತದೂ ಕೊಡ್ಲಿಲ್ಲ. ಕೇಂಬುಕೂ ಇಲ್ಲ. ಸುಂದರಿ ಕೆಲ್ಸ ಬಿಡ್ಲೇ ಇಲ್ಲ ಅಲ್ದಾ?"

ರಾಜೇಂದ್ರ ತಲೆಯೆತ್ತಿ ಅವಳ ಮುಖ ನೋಡಿದ. ಒಂಬತ್ತು ವರ್ಷದಲ್ಲಿ ಮೊದಲ ಸಲ ನೋಡುತ್ತಿದ್ದೇನೆ ಎನಿಸಿ ಕಣ್ಣು ತೆಗೆದ. ತಾನು ಓದಿದ ಯಾವ ಪಂಡಿತನೂ ಇಷ್ಟು ಸಲೀಸಾಗಿ ಸಾವನ್ನು ದಾಟಿದ್ದು ಅವನಿಗೆ ನೆನಪಿಗೆ ಬರಲಿಲ್ಲ.

"ಅತ್ತೆ ಹ್ಯಾಂಗ್ ಇದ್ರ್?"

"ಇದ್ರ್. ಉಸ್ರ್ ಎಳೂಕ್ ಆತಿಲ್ಲೆ."

"ಮನೆ ಎಲ್ಲ್?"

"ಸಿದ್ದಾಪುರದ್ ಬದಿ. ಐದೂ ಕಾಲರ ಬಸ್ಸ್ ತಪ್ರೆ ಮತ್ತ್ ಕಷ್ಟ."

ದುಗ್ಗಪ್ಪ ಶಾಯಿ ಪ್ಯಾಡು ಮುಂದಿಟ್ಟರು. "ನಿಂಗ್ ಬರೆಯೂಕ್ ಬತ್ತ್ ಅಲ್ದಾ," ಎಂದ ರಾಜೇಂದ್ರ. ಏಳನೇ ಕ್ಲಾಸು ಓದಿದವಳು ಎಂದು ದುಗ್ಗಪ್ಪ ಹೇಳಿದ್ದರು.

"ನಂಗ್ ಬತ್ತ್. ಸುಂದರಿಗ್ ಬತ್ತಿಲ್ಲೆ," ಎಂದು ಅವಳು ಹೆಬ್ಬೆಟ್ಟು ಒತ್ತಿದಳು. ನೀಲಿ ಗುರುತು ಒಂದು ಗೆರೆಯೂ ಇಲ್ಲದೆ ಬಿತ್ತು.

ಹೋಗುವ ಮುನ್ನ ಕಾಗದದ ಮೇಲೆ ಬಗ್ಗಿ ನೋಡಿದಳು. "ವರ್ಷದ್ ಜಾಗ ಖಾಲಿ ಇತ್ತಲೆ."

"ಬರೀತೆ."

"ಹ್ಞೂಂ," ಎಂದಳು ಅವಳು. ಬಾಗಿಲು ಎಳೆದುಕೊಂಡು ಹೋದಳು. ಗಾಜಿನ ಆಚೆ ಹೆಂಗಸರು ಬುತ್ತಿ ಚೀಲ ಹಿಡಿದು ಹೊರಡುತ್ತಿದ್ದರು. ಗುಂಪಿನಲ್ಲಿ ಅವಳು ಯಾರೆಂದು ಅವನು ಹುಡುಕಿದ. ಹನ್ನೊಂದೂ ಬೆನ್ನುಗಳು ಒಂದೇ ಥರ ಕಂಡವು.

ದುಗ್ಗಪ್ಪ ಲಕೋಟೆ ಹಿಡಿದು ನಿಂತೇ ಇದ್ದರು. "ಪೋಸ್ಟಾಫೀಸ್ ಮುಚ್ಚತ್ತ್ ಒಡೇರೆ. ಎಂತಾರೂ ಒಂದ್ ಬರೀನಿ."

ರಾಜೇಂದ್ರ ಪೆನ್ನು ಎತ್ತಿಕೊಂಡ. ನಲವತ್ತೊಂದರ ನಾಲ್ಕು ಬರೆಯಬೇಕೆಂದು ಕೈ ಹೋಯಿತು, ಬರೆಯಲಿಲ್ಲ. ಸೊನ್ನೆ ಸುತ್ತಲು ಹೋಯಿತು, ಸುತ್ತಲಿಲ್ಲ. ಪೆನ್ನು ಕೆಳಗಿಟ್ಟ. ಆಮೇಲೆ ತನ್ನ ಬಲಗೈ ಹೆಬ್ಬೆರಳನ್ನು ಪ್ಯಾಡಿಗೆ ಅದ್ದಿ, ವರ್ಷ ಬರೆಯಬೇಕಾದ ಖಾಲಿ ಜಾಗದಲ್ಲಿ ಒತ್ತಿದ.

ದುಗ್ಗಪ್ಪ ಏನೋ ಹೇಳಿದರು. ಅವನಿಗೆ ಕೇಳಿಸಲಿಲ್ಲ. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ. ಗೆರೆಗಳು ಒಂದರೊಳಗೊಂದು ಸುತ್ತಿಕೊಂಡು, ಅಂಗಡಿಯಿಂದ ಇವತ್ತೇ ತಂದ ಹಾಗೆ, ಸ್ಪಷ್ಟವಾಗಿ ಮೂಡಿದ್ದವು. ಅವನ ನಲವತ್ತೆಂಟು ವರ್ಷದಲ್ಲಿ ಒಂದು ಗೆರೆಯೂ ಸವೆದಿರಲಿಲ್ಲ.